ಸಿಗಡಿ ರಬ್ಬರ್ ಆಗದಿರಲು

ಪ್ರಶ್ನೆ: ತೆಂಗಿನಹಾಲು ಹಾಕಿ ಸಿಗಡಿ ಪುಲಾವ್ ಮಾಡಿದರೆ ಅನ್ನ ಮುದ್ದೆಯಾಗುತ್ತೆ, ಸಿಗಡಿ ರಬ್ಬರ್ ಥರ ಆಗುತ್ತೆ. ಏನು ಮಾಡಲಿ?

ಉತ್ತರ: ಸಿಗಡಿಯನ್ನು ಅಕ್ಕಿ ಜೊತೆಗೇ ಬೇಯಿಸುತ್ತಿದ್ದೀರಿ ಅಲ್ವಾ? ಅಲ್ಲೇ ತಪ್ಪಾಗಿರೋದು. ಬೆನ್ನಿನ ಕಪ್ಪು ನಾರು ತೆಗೆದು, ಉಪ್ಪು-ಅರಿಶಿನ ಸವರಿ, ತೆಂಗಿನೆಣ್ಣೆಯಲ್ಲಿ 2 ನಿಮಿಷ ಬಾಡಿಸಿ, ಅದು ಬಾಗಿ ಕೆಂಪಗಾಗುತ್ತಿದ್ದಂತೆ ತೆಗೆದಿಡಿ. ಅದೇ ಎಣ್ಣೆಯಲ್ಲಿ ಈರುಳ್ಳಿ ಹುರಿದು ರುಬ್ಬಿದ ಮಸಾಲೆ ಹಾಕಿ. ಬ್ಯಾಡಗಿ ಮೆಣಸು ಬಣ್ಣಕ್ಕೆ, ಖಾರಕ್ಕೆ 2 ಗುಂಟೂರು ಮೆಣಸು ಬೇಕೇ ಬೇಕು. 20 ನಿಮಿಷ ನೆನೆಸಿದ 1 ಲೋಟ ಅಕ್ಕಿಗೆ ತೆಳುವಾದ ಎರಡನೇ ಹಾಲು (ತೆಂಗಿನತುರಿಯನ್ನು ಎರಡನೇ ಸಲ ಹಿಂಡಿ ತೆಗೆದದ್ದು) ಒಂದೂವರೆ ಲೋಟ ಸಾಕು, ಜಾಸ್ತಿ ಬೇಡ. ನೀರಾರಿದ ಮೇಲೆ ಸಿಗಡಿ, ಕಾಲು ಲೋಟ ಮೊದಲ ಸಲ ಹಿಂಡಿದ ಗಟ್ಟಿ ಹಾಲು ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ 5 ನಿಮಿಷ ಬಿಡಿ. ಆಗಾಗ ಸುಮ್ನೆ ಸೌಟು ಆಡಿಸಬೇಡಿ, ಅಗುಳು ಒಡೆಯುತ್ತೆ.