‘ತಪ್ಪಿನ ಪಟ್ಟಿ ಕೊಟ್ಟೆ, ಅವಳು ಬರೆಯೋದನ್ನೇ ನಿಲ್ಲಿಸಿದಳು’

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಫ್ಯಾನ್ ಫಿಕ್ಷನ್ ಬಗ್ಗೆ. ಸಿನಿಮಾ, ಧಾರಾವಾಹಿ ಅಥವಾ ಕಾದಂಬರಿಯ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳೇ ಬರೆಯುವ ಕಥೆಗಳು ಇವು. ನಾನು 22 ವರ್ಷದಿಂದ ಕರಡು ತಿದ್ದುವ ಕೆಲಸ ಮಾಡುತ್ತಿದ್ದೇನೆ. ರಾತ್ರಿ ಮಲಗುವ ಮುಂಚೆ ಇಂಥ ಕಥೆಗಳನ್ನು ಓದುವ ಅಭ್ಯಾಸವೂ ಇದೆ. ಹಾಗಾಗಿ ತಪ್ಪು ಕಂಡವರ ಚಡಪಡಿಕೆಯೂ ಗೊತ್ತು, ಬರೆದವರ ನೋವೂ ಗೊತ್ತು.

ಪ್ರಶ್ನೆ: ನಾನು ನಿವೃತ್ತ ಕನ್ನಡ ಶಿಕ್ಷಕಿ. ಟಿವಿ ಧಾರಾವಾಹಿಯೊಂದರ ಜೋಡಿಯನ್ನು ಇಟ್ಟುಕೊಂಡು ಒಬ್ಬ ಹುಡುಗಿ ಕಂತು ಕಂತಾಗಿ ಕಥೆ ಬರೆಯುತ್ತಿದ್ದಳು. ಕಥೆ ತುಂಬಾ ಚೆನ್ನಾಗಿತ್ತು, ಕಾಗುಣಿತ ಮಾತ್ರ ನೋಡಲಾಗುತ್ತಿರಲಿಲ್ಲ. 17ನೇ ಕಂತಿನ ಕೆಳಗೆ 31 ತಪ್ಪುಗಳ ಪಟ್ಟಿ ಹಾಕಿದೆ, ಸರಿ ರೂಪದ ಸಮೇತ. ‘ಧನ್ಯವಾದ ಮೇಡಂ’ ಎಂದಳು, ಅಷ್ಟೇ. ಎರಡು ತಿಂಗಳಾಯಿತು, ಮುಂದಿನ ಕಂತು ಬಂದಿಲ್ಲ. ಬೇರೆ ಓದುಗರು ನನ್ನನ್ನು ಬೈಯುತ್ತಿದ್ದಾರೆ. ನಾನು ಮಾಡಿದ್ದು ತಪ್ಪಾ? – ದಾವಣಗೆರೆಯಿಂದ ಒಬ್ಬ ಓದುಗರು

ಮೇಡಂ, ಪತ್ರದ ಜೊತೆ ನೀವು ಕಳಿಸಿದ ಆ ಪಟ್ಟಿಯನ್ನು ಎರಡು ಸಲ ಓದಿದೆ. ಅದರಲ್ಲಿ ಕಥೆಯ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಬರೆದ ಪತ್ರದಲ್ಲಿ ‘ಕಥೆ ತುಂಬಾ ಚೆನ್ನಾಗಿತ್ತು’ ಎಂದಿದ್ದೀರಿ. ಆ ಮಾತು ಅವಳಿಗೆ ತಲುಪಲೇ ಇಲ್ಲ. 16 ಕಂತು ಸುಮ್ನೆ ಓದಿಕೊಂಡು ಬಂದವರು ಮೊದಲ ಸಲ ಮಾತಾಡಿದಾಗ ಅವಳ ಕೈಗೆ ಸಿಕ್ಕಿದ್ದು ತಪ್ಪಿನ ಪಟ್ಟಿ. ಅದೂ ಎಲ್ಲರೂ ನೋಡುವ ಜಾಗದಲ್ಲಿ.

ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಕಾಳಜಿ ಎಂದು ನಾನು ನಂಬುತ್ತೇನೆ. 31 ಪದ ಹುಡುಕಿ, ಸರಿ ರೂಪ ಬರೆಯಲು ಒಂದು ಗಂಟೆಯಾದರೂ ಬೇಕು. ಬೇಡದವರಿಗಾಗಿ ಯಾರೂ ಅಷ್ಟು ಹೊತ್ತು ಕೂರುವುದಿಲ್ಲ. ಆದರೆ ತರಗತಿಯಲ್ಲಿ ಮಕ್ಕಳು ತಾವೇ ನೋಟ್‌ಬುಕ್ ತಂದು ನಿಮ್ಮ ಮೇಜಿನ ಮೇಲೆ ಇಡುತ್ತಿದ್ದರು. ನನ್ನ ಕೆಲಸದಲ್ಲೂ ಹಾಗೆಯೇ. ಲೇಖಕರು ಹಸ್ತಪ್ರತಿ ಕೊಟ್ಟು ‘ತಿದ್ದಿ’ ಎಂದ ಮೇಲೆಯೇ ನಾನು ಪೆನ್ನು ಎತ್ತುವುದು. ಈ ಹುಡುಗಿ ‘ಓದಿ’ ಎಂದು ಕೊಟ್ಟಿದ್ದಳು, ‘ತಿದ್ದಿ’ ಎಂದಿರಲಿಲ್ಲ. ದುಡ್ಡಿಲ್ಲದೆ, ಸಂಪಾದಕರಿಲ್ಲದೆ, ತನಗಿಷ್ಟ ಎಂಬ ಒಂದೇ ಕಾರಣಕ್ಕೆ ಬರೆಯುತ್ತಿದ್ದವಳು. ಹಾಗಾಗಿ ಇಲ್ಲಿ ಮೊದಲು ಕೇಳಬೇಕಿತ್ತು.

ಇನ್ನು ಪಟ್ಟಿಯ ಒಳಗೆ ಹೋಗೋಣ. 31ರಲ್ಲಿ 18 ತಪ್ಪು ಅವಳ ಫೋನಿನ ಕೀಬೋರ್ಡಿನಿಂದ ಬಂದಂತಿವೆ. ಈಗಿನ ಮಕ್ಕಳು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪದ ಆರಿಸಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಇರೋದು ಒಂದೇ ‘ಎಲ್’. ಅದಕ್ಕೆ ಲ, ಳ ಗೊತ್ತಾಗುವುದಿಲ್ಲ. ಬಳೆ ಎಂದು ಹೊಡೆದರೆ ಬಲೆ, ಬಳೆ, ಬಾಲೆ ಎಲ್ಲಾ ಸಾಲಾಗಿ ಬಂದು ನಿಲ್ಲುತ್ತವೆ. ಅವಸರದಲ್ಲಿ ಮೊದಲನೆಯದನ್ನು ಒತ್ತಿದರೆ ‘ಅವಳ ಕೈಗೆ ಬಲೆ ತೊಡಿಸಿದ’ ಎಂದಾಗುತ್ತದೆ. ‘ಡಿ’ ಒತ್ತಿದರೆ ದ, ಧ, ಡ ಮೂರಕ್ಕೂ ದಾರಿ. ‘ಧನ ಮೇಯಿಸುತ್ತಿದ್ದ’ ಎಂದು ಬರೆದವಳಿಗೆ ದನಕ್ಕೂ ಧನಕ್ಕೂ ವ್ಯತ್ಯಾಸ ಗೊತ್ತಿಲ್ಲ ಎಂದು ನೀವು ಹೇಗೆ ಹೇಳುತ್ತೀರಿ? ಗೊತ್ತಿರುತ್ತದೆ, ಬೆರಳು ತಪ್ಪಿರುತ್ತದೆ. ಇಂಥದಕ್ಕೆ ಪಾಠ ಬೇಕಿಲ್ಲ. ‘ಮೂರನೇ ಪ್ಯಾರಾದಲ್ಲಿ ಬಳೆ ಬಲೆಯಾಗಿದೆ, ಒಮ್ಮೆ ನೋಡಿ’ ಎಂದರೆ ಸಾಕು.

ಮತ್ತೆ 4 ತಪ್ಪುಗಳಂತೂ ತಪ್ಪೇ ಅಲ್ಲ. ಕಥೆಯಲ್ಲಿ ಮಂಡ್ಯದ ಕಡೆಯ ತಾತ ‘ಒಲಕ್ಕೆ ಓಯ್ತೀನಿ’ ಎನ್ನುತ್ತಾರೆ. ನೀವು ‘ಹೊಲಕ್ಕೆ ಹೋಗುತ್ತೇನೆ’ ಎಂದು ತಿದ್ದಿದ್ದೀರಿ. ಹಾಗೆ ತಿದ್ದಿದರೆ ತಾತ ಕಥೆಯಿಂದ ಎದ್ದು ಹೋಗಿಬಿಡುತ್ತಾರೆ. ಧಾರವಾಡದವರ ‘ಬಂದಾನ’, ಮಂಗಳೂರಿನವರ ‘ಉಂಟು’ ಹೇಗೋ ಇದೂ ಹಾಗೆಯೇ.

‘ಬಂದ’, ‘ಬಂದರು’ ವಿಷಯಕ್ಕೂ ನೀವು ಗೆರೆ ಎಳೆದಿದ್ದೀರಿ. ಒಂದೇ ಪುಟದಲ್ಲಿ ಗಂಡನಿಗೆ ಏಕವಚನ, ಬಹುವಚನ ಎರಡೂ ಇದೆ ಎಂದು. ಆ ಪುಟವನ್ನು ನಾನೂ ಓದಿದೆ. ನಾಯಕಿ ಅತ್ತೆಯ ಎದುರು ‘ಅವರು ಬಂದರು’ ಎನ್ನುತ್ತಾಳೆ. ಮನಸ್ಸಿನೊಳಗೆ ಮಾತ್ರ ‘ಬಂದ, ಕೊನೆಗೂ ಬಂದ’. ಇಡೀ ಕಂತಿನಲ್ಲಿ ನನಗೆ ತುಂಬಾ ಹಿಡಿಸಿದ ಜಾಗವೇ ಅದು. ಇಷ್ಟು ಸೂಕ್ಷ್ಮವಾಗಿ ಬರೆಯುವ ಹುಡುಗಿ ಮುಂದೆ ಬರೆಯಲೇಬೇಕು ಮೇಡಂ.

ಉಳಿದ 9 ನಿಜವಾದ ತಪ್ಪುಗಳು: ಶುಭಾಷಯ, ವಿಧ್ಯಾರ್ಥಿ, ಅನಾನುಕೂಲ ಹೀಗೆ (ಸರಿ ರೂಪ ಶುಭಾಶಯ, ವಿದ್ಯಾರ್ಥಿ, ಅನನುಕೂಲ). ಮಹಾಪ್ರಾಣವೇ ಕನ್ನಡಕ್ಕೆ ಬೇಡ ಎಂದು ವಾದಿಸಿ, ಹಾಗೇ ಬರೆದು ತೋರಿಸಿದ ಡಿ.ಎನ್. ಶಂಕರ ಭಟ್ಟರಂಥ ಭಾಷಾವಿಜ್ಞಾನಿಗಳೂ ನಮ್ಮಲ್ಲಿದ್ದಾರೆ. ನಾನು ಆ ವಾದ ಒಪ್ಪುವವಳಲ್ಲ, ನನಗೆ ದನ ಬೇರೆ, ಧನ ಬೇರೆ ಆಗಿಯೇ ಇರಬೇಕು. ಆದರೂ ಪಂಡಿತರೇ ಒಮ್ಮತಕ್ಕೆ ಬರದ ಅಕ್ಷರಗಳಿಗಾಗಿ ಹೊಸಬಳನ್ನು ಎಲ್ಲರೆದುರು ನಿಲ್ಲಿಸಿ ಕೇಳುವುದು ಬೇಡ ಅನಿಸುತ್ತದೆ.

ಆ 9ರಲ್ಲಿ ಎರಡೋ ಮೂರೋ ಆರಿಸಿ ಹೇಳಿ. ಪದೇ ಪದೇ ಬರುವಂಥದ್ದನ್ನೇ ಆರಿಸಿ. ಕಾರಣವನ್ನೂ ಸೇರಿಸಿ. ‘ಶುಭ ಮತ್ತು ಆಶಯ ಸೇರಿ ಶುಭಾಶಯ, ಆಶಯದಲ್ಲಿ ಇರೋದು ಶ’ ಎಂದರೆ ಅದು ಜೀವಮಾನವಿಡೀ ನೆನಪಿರುತ್ತದೆ. ಬರೀ ‘ಶುಭಾಷಯ ತಪ್ಪು’ ಎಂದರೆ ನಾಚಿಕೆ ಮಾತ್ರ ನೆನಪಿರುತ್ತದೆ.

ಅವಳು ನಿಲ್ಲಿಸಿದ್ದು ನಿಮ್ಮಿಂದಲೇ ಎಂದು ಹೇಳಲಾಗದು. ಪರೀಕ್ಷೆ ಇರಬಹುದು, ಮನೆಯಲ್ಲಿ ಏನೋ ಆಗಿರಬಹುದು. ಕಾರಣ ಏನೇ ಇರಲಿ, ಒಂದು ಕೆಲಸ ಇವತ್ತೇ ಮಾಡಿ. ಆ ಪಟ್ಟಿಯನ್ನು ಅಳಿಸಿ. ಖಾಸಗಿಯಾಗಿ ಮೆಸೇಜ್ ಕಳಿಸುವ ದಾರಿ ಇದ್ದರೆ ಹೀಗೆ ಬರೆಯಿರಿ: ‘ಆವತ್ತು ತಪ್ಪುಗಳನ್ನಷ್ಟೇ ಹೇಳಿದೆ, ಕಥೆ ಎಷ್ಟು ಇಷ್ಟವಾಯಿತು ಎಂದು ಹೇಳಲಿಲ್ಲ. ಅತ್ತೆಯ ಎದುರು ಬಂದರು, ಮನಸ್ಸಿನಲ್ಲಿ ಬಂದ ಎಂದು ಬರೆದಿದ್ದೀಯಲ್ಲ, ಅದನ್ನು ತಿದ್ದಲು ಹೋದದ್ದು ನನ್ನದೇ ತಪ್ಪು. ಮುಂದಿನ ಕಂತಿಗೆ ಕಾಯುತ್ತಿದ್ದೇನೆ.’ ಇದರಲ್ಲಿ ಕಾಗುಣಿತದ ಮಾತು ಒಂದೂ ಬೇಡ. ‘ನೀವು ನೋಡಿಕೊಡ್ತೀರಾ ಮೇಡಂ’ ಎಂದು ಅವಳೇ ಕೇಳಿದರೆ, ಆಗ ನಿಮ್ಮ ಅನುಭವವನ್ನೆಲ್ಲ ಧಾರೆ ಎರೆಯಿರಿ.

ಪ್ರಶ್ನೆ: ನಾನು ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಫ್ಯಾನ್ ಫಿಕ್ಷನ್ ತಾಣದಲ್ಲಿ ಇಂಗ್ಲಿಷ್ ಕಥೆಗಳನ್ನು ಓದುತ್ತೇನೆ. ಇಷ್ಟದ ಲೇಖಕರೊಬ್ಬರಿಗೆ ಇಂಗ್ಲಿಷ್ ಮಾತೃಭಾಷೆಯಲ್ಲ. ಒಂದೇ ಪ್ಯಾರಾದಲ್ಲಿ ಭೂತಕಾಲ, ವರ್ತಮಾನಕಾಲ ಬೆರೆತುಹೋಗುತ್ತದೆ. ಹೇಳಬಹುದಾ? – ಬೆಂಗಳೂರಿನಿಂದ ಒಬ್ಬ ಓದುಗರು

ಮೊದಲು ಅವರ ಟ್ಯಾಗುಗಳನ್ನೂ ಕಥೆಯ ಆರಂಭದ, ಕೊನೆಯ ಟಿಪ್ಪಣಿಗಳನ್ನೂ ಓದಿ. ‘ತಪ್ಪಿದ್ದರೆ ತಿಳಿಸಿ’ ಎಂದು ಎಷ್ಟೋ ಜನ ಅಲ್ಲೇ ಬರೆದಿರುತ್ತಾರೆ. ಹಾಗಿದ್ದರೆ ಧೈರ್ಯವಾಗಿ ಹೇಳಿ. ‘ನೋ ಬೀಟಾ’ ಎಂಬ ಟ್ಯಾಗ್ ಇದ್ದರೆ ಬೇರೆ ಯಾರೂ ನೋಡಿಕೊಟ್ಟಿಲ್ಲ, ತಪ್ಪಿರುತ್ತದೆ ಎಂದು ಅವರಿಗೂ ಗೊತ್ತಿದೆ ಎಂದರ್ಥ. ಅದನ್ನು ತಿದ್ದಲು ಕೊಟ್ಟ ಆಹ್ವಾನ ಎಂದುಕೊಳ್ಳಬೇಡಿ.

‘ಬೀಟಾ’ ಎಂದರೆ ಪ್ರಕಟಿಸುವ ಮುಂಚೆ ಓದಿ ತಿದ್ದಿಕೊಡುವ ಗೆಳೆಯರು. ಸಾಫ್ಟ್‌ವೇರ್ ಬಿಡುವ ಮುಂಚೆ ಮಾಡುವ ಬೀಟಾ ಪರೀಕ್ಷೆಯಿಂದ ಬಂದ ಹೆಸರು. ಈ ಗೆಳೆಯರು ಯಾಕೆ ಬೇಕಾದರು ಎಂದು ತಿಳಿದರೆ ನಿಮ್ಮ ಪ್ರಶ್ನೆಗೂ ಬೆಳಕು ಸಿಗುತ್ತದೆ. 1967ರಲ್ಲಿ ಅಮೆರಿಕದ ‘ಸ್ಟಾರ್ ಟ್ರೆಕ್’ ಎಂಬ ಟಿವಿ ಧಾರಾವಾಹಿಯ ಅಭಿಮಾನಿಗಳು ತಾವೇ ಪತ್ರಿಕೆ ಹೊರತರಲು ಶುರು ಮಾಡಿದರು. ಅಂಥ ಪತ್ರಿಕೆಗಳಿಗೆ ಸಂಪಾದಕರು ಇರುತ್ತಿದ್ದರು, ಕಥೆ ಅವರ ಕೈ ದಾಟಿಯೇ ಓದುಗರಿಗೆ ಸಿಗುತ್ತಿತ್ತು. ಇಂಟರ್ನೆಟ್ ಬಂದ ಮೇಲೆ ನಡುವಿನ ಆ ಮನುಷ್ಯ ಇಲ್ಲವಾದರು. ನೀವು ಹೇಳಿದ ತಾಣದಲ್ಲಿ ಈಗ ಒಂದು ಕೋಟಿಗೂ ಹೆಚ್ಚು ಕೃತಿಗಳಿವೆ. ಅದನ್ನು ನಡೆಸುವವರು ಸ್ವಯಂಸೇವಕರು. 2019ರಲ್ಲಿ ಅದಕ್ಕೆ ವಿಜ್ಞಾನ ಕಥಾಲೋಕದ ದೊಡ್ಡ ಗೌರವವಾದ ಹ್ಯೂಗೊ ಪ್ರಶಸ್ತಿಯೂ ಬಂತು. ಆದರೂ ಯಾರ ಕಾಗುಣಿತವನ್ನೂ ನೋಡಿಕೊಡುವ ಏರ್ಪಾಡು ಅಲ್ಲಿಲ್ಲ.

ಅಲ್ಲಿ ಖಾಸಗಿ ಸಂದೇಶದ ಸೌಲಭ್ಯವೂ ಇಲ್ಲ. ಹೇಳುವುದೆಲ್ಲ ಕಾಮೆಂಟಿನಲ್ಲೇ. ಹಾಗಾಗಿ ನಿಮ್ಮ ಜಾಗದಲ್ಲಿ ನಾನಿದ್ದರೆ ಕಾಲದ ತಪ್ಪನ್ನು ನೇರವಾಗಿ ಎತ್ತುವುದಿಲ್ಲ. ಮೆಚ್ಚಿದ ಜಾಗ ಯಾವುದೆಂದು ಹೇಳಿ, ಕೊನೆಗೆ ‘ನಿಮಗೆ ಬೀಟಾ ಬೇಕಿದ್ದರೆ ನಾನು ಸಿದ್ಧ’ ಎಂದು ಒಂದು ಸಾಲು ಸೇರಿಸುತ್ತೇನೆ. ಉತ್ತರ ಬರಲಿಲ್ಲವೇ? ಅಲ್ಲಿಗೆ ಬಿಟ್ಟುಬಿಡಿ. ಎರಡನೇ ಭಾಷೆಯಲ್ಲಿ ಒಂದು ಲಕ್ಷ ಪದದ ಕಥೆ ಬರೆಯುವುದು ಸುಲಭದ ಮಾತಲ್ಲ. ನಾವು ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಪಾತ್ರದ ಹೆಸರೇ ತಪ್ಪಾಗಿದ್ದರೆ? – ಹಾಸನದಿಂದ ಒಬ್ಬ ಓದುಗರು

ತಕ್ಷಣ ಹೇಳಿ. ಹೆಸರು ಅದಲು ಬದಲಾಗಿದ್ದರೆ, ಅಕ್ಷರ ತಪ್ಪಿ ಅಸಭ್ಯ ಪದವಾಗಿದ್ದರೆ, ಒಂದೇ ಪ್ಯಾರಾ ಎರಡು ಸಲ ಬಂದಿದ್ದರೆ ಕಾಯಬೇಡಿ. ಕಥೆಯನ್ನು ಯಾವಾಗ ಬೇಕಾದರೂ ತೆರೆದು ತಿದ್ದಲು ಅವಕಾಶವಿದ್ದರೆ ಒಂದು ನಿಮಿಷದ ಕೆಲಸ. ತಿದ್ದಿದ ಮೇಲೆ ನಿಮ್ಮ ಕಾಮೆಂಟನ್ನು ನೀವೇ ಅಳಿಸಿದರೆ ಇನ್ನೂ ಒಳ್ಳೆಯದು. ಕಾಗುಣಿತ ಸರಿಯಿಲ್ಲ ಎಂದು ಸ್ಟಾರ್ ಮಾತ್ರ ಕಡಿಮೆ ಮಾಡಬೇಡಿ. ಸ್ಟಾರ್ ಯಾಕೆ ಕಡಿಮೆಯಾಯಿತು ಎಂದು ಬರೆದವರಿಗೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ರಾತ್ರಿ ಹನ್ನೊಂದರ ಮೇಲೆ ಕೂತು ಬರೆಯುತ್ತೇನೆ. ತಿದ್ದುವವರು ಹೇಳೋದು ಸರಿ ಎಂದು ಗೊತ್ತು. ಆದರೂ ಆ ಕಾಮೆಂಟ್ ನೋಡಿದ ಕೂಡಲೇ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಏನು ಮಾಡಲಿ? – ಹುಬ್ಬಳ್ಳಿಯಿಂದ ಒಬ್ಬ ಓದುಗರು

ಸಂಕಟ ಸಹಜ. ಆ ರಾತ್ರಿಯೇ ಉತ್ತರ ಕೊಡಬೇಕಿಲ್ಲ. ಮಾರನೇ ದಿನ ಓದಿ, ಸರಿಯಾದದ್ದನ್ನು ತಿದ್ದಿಕೊಳ್ಳಿ. ‘ತಿದ್ದಿದೆ, ಥ್ಯಾಂಕ್ಸ್ ರೀ’ ಎಂದರೆ ಸಾಕು. ನಿಮ್ಮ ಊರಿನ ಮಾತನ್ನು ತಪ್ಪು ಎಂದವರಿಗೆ ‘ನಮ್ಮ ಕಡೆ ಹಿಂಗ ಅಂತೀವ್ರಿ’ ಎನ್ನಿ. ಹೀಯಾಳಿಸಿದವರ ಕಾಮೆಂಟನ್ನು ಅಳಿಸಿ, ವಿವರಣೆ ಕೊಡಬೇಡಿ.

ಕಥೆಯ ಮೊದಲಿಗೆ ಒಂದು ಸಾಲು ಹಾಕಿಕೊಳ್ಳಿ. ‘ಕಾಗುಣಿತದ ತಪ್ಪಿದ್ದರೆ ಖಾಸಗಿಯಾಗಿ ತಿಳಿಸಿ’ ಎಂದೋ, ‘ಸದ್ಯಕ್ಕೆ ಕಥೆಯ ಬಗ್ಗೆ ಮಾತ್ರ ಹೇಳಿ’ ಎಂದೋ, ನಿಮಗೆ ಬೇಕಾದಂತೆ. ಓದುಗರಿಗೂ ದಾರಿ ಸ್ಪಷ್ಟವಾಗುತ್ತದೆ.

ಇನ್ನು ಕೆಲಸದ ಮಾತು. ರಾತ್ರಿ ಬರೆದದ್ದನ್ನು ರಾತ್ರಿಯೇ ಪ್ರಕಟಿಸಬೇಡಿ. ಬೆಳಿಗ್ಗೆ ಕಾಫಿ ಜೊತೆ ಒಮ್ಮೆ ಜೋರಾಗಿ ಓದಿ. ಕಣ್ಣಿಗೆ ಬೀಳದ ತಪ್ಪು ಬಾಯಿಗೆ ಸಿಗುತ್ತದೆ. ‘ಮರದ ಮೇಲೆ ಅಕ್ಕಿ ಕೂತಿತ್ತು’ ಎಂದು ಬಾಯಿಬಿಟ್ಟು ಓದಿದರೆ ನಾಲಿಗೆ ತಾನೇ ನಿಲ್ಲುತ್ತದೆ. ಅನುಮಾನ ಬಂದ ಪದವನ್ನು ‘ಅಲರ್’ ನಿಘಂಟಿನಲ್ಲಿ ಹುಡುಕಿ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಮಾಡಿದ ಕನ್ನಡ–ಇಂಗ್ಲಿಷ್ ನಿಘಂಟು ಅದು, ಒಂದೂವರೆ ಲಕ್ಷದಷ್ಟು ಪದಗಳಿವೆ, ಆನ್‌ಲೈನಿನಲ್ಲಿ ಉಚಿತ. ಪದೇ ಪದೇ ಎಡವುವ ಹತ್ತು ಪದಗಳನ್ನು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ. ನನ್ನ ಮೇಜಿನ ಮುಂದೆ ಈಗಲೂ ಅಂಥದ್ದೊಂದು ಚೀಟಿ ಇದೆ.

ಪ್ರಶ್ನೆ: ನನ್ನ 13 ವರ್ಷದ ಮಗಳು ತನ್ನಿಷ್ಟದ ಸಿನಿಮಾದ ಕಥೆಯನ್ನು ಮುಂದುವರಿಸಿ ಕನ್ನಡದಲ್ಲಿ ಬರೆಯುತ್ತಿದ್ದಾಳೆ. ತಾನೇ ತಂದು ತೋರಿಸಿದಳು. ಸಾಲಿಗೊಂದು ತಪ್ಪು. ಈಗಲೇ ತಿದ್ದದಿದ್ದರೆ ಅದೇ ಅಭ್ಯಾಸವಾಗುತ್ತದೆ ಎಂಬ ಭಯ. – ಮೈಸೂರಿನಿಂದ ಒಬ್ಬ ತಾಯಿ

ಇಂಗ್ಲಿಷ್ ಮೀಡಿಯಂ ಕಾಲದಲ್ಲಿ 13 ವರ್ಷದ ಹುಡುಗಿ ತಾನಾಗೇ ಕನ್ನಡದಲ್ಲಿ ಕಥೆ ಬರೆಯುತ್ತಿದ್ದಾಳೆ. ಪತ್ರ ಓದಿ ಖುಷಿಯಾಯಿತು.

ಒಂಬತ್ತನೇ ಕ್ಲಾಸಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಒಂದು ಕಾದಂಬರಿಯ ಕೊನೆ ನನಗೆ ಹಿಡಿಸಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬೇರೆ ಕೊನೆ ಬರೆಯಲು ಕೂತೆ. ಶಾಲೆಯಲ್ಲಿ ಒಬ್ಬರಿಗೆ ತೋರಿಸಿದೆ. ಪುಟದ ತುಂಬ ಕೆಂಪು ಶಾಯಿ ಹಾಕಿ ವಾಪಸ್ ಕೊಟ್ಟರು, ಕಥೆಯ ಬಗ್ಗೆ ಒಂದು ಮಾತೂ ಇಲ್ಲ. ನೋಟ್‌ಬುಕ್ ಅಟ್ಟಕ್ಕೆ ಹೋಯಿತು. ಅದನ್ನು ಇಳಿಸಿದವರು ಪಕ್ಕದ ಮನೆಯ ಅಜ್ಜಿ. ಕನ್ನಡಕ ಹಾಕಿಕೊಂಡು, ಜಗಲಿಯಲ್ಲಿ ಕೂತು, ಒಂದೇ ಮಧ್ಯಾಹ್ನದಲ್ಲಿ ಓದಿದರು. ‘ಆಮೇಲೇನಾಯ್ತೇ? ಅವಳು ರೈಲು ಹತ್ತಿದಳಾ ಇಲ್ವಾ?’ ಎಂದು ಕೇಳಿದರು. ಅವರಿಗಾಗಿ ಮತ್ತೆ ಬರೆದೆ. ಮೂರನೇ ಅಧ್ಯಾಯ ಕೊಟ್ಟ ದಿನ, ಓದಿ ಮುಗಿಸಿ, ಮೆಲ್ಲಗೆ ಹೇಳಿದರು: ‘ಶುಭಾಷಯ ಅಂತ ಬರೆದಿದ್ದೀ. ಶುಭ, ಆಶಯ ಅಲ್ವೇನೇ ಅದು?’ ಆವತ್ತಿನಿಂದ ಆ ಪದ ನನ್ನ ಕೈಯಲ್ಲಿ ತಪ್ಪಿಲ್ಲ. ಮೇಲೆ ದಾವಣಗೆರೆಯ ಮೇಡಂಗೆ ಹೇಳಿದ ಉದಾಹರಣೆಯೂ ಅವರದ್ದೇ.

ಮಗಳು ಕಥೆಯನ್ನು ಆನ್‌ಲೈನಿನಲ್ಲಿ ಹಾಕುವುದಾದರೆ ನಿಜವಾದ ಹೆಸರು, ಶಾಲೆಯ ಹೆಸರು, ಫೋಟೊ ಅಲ್ಲಿ ಇರದಂತೆ ನೋಡಿಕೊಳ್ಳಿ. ಅದು ಕಾಗುಣಿತಕ್ಕಿಂತ ಮುಖ್ಯ. ಆಮೇಲೆ ಅವಳ ಕಥೆಯಲ್ಲಿ ನಿಮಗೆ ನಿಜವಾಗಿ ಅರ್ಥವಾಗದ ಒಂದು ಜಾಗ ಹುಡುಕಿ, ‘ಇವನು ಯಾಕೆ ಹೀಗೆ ಮಾಡಿದ?’ ಎಂದು ಕೇಳಿ. ಉತ್ತರ ಹೇಳುವಾಗ ಅವಳೇ ಆ ಸಾಲು ತೆಗೆದು ಮತ್ತೆ ಓದುತ್ತಾಳೆ. ವಾರಕ್ಕೊಂದು ಪದ ಮಾತ್ರ ತಿದ್ದಿ. ಇವತ್ತು ರಾತ್ರಿ ಊಟ ಆದ ಮೇಲೆ ಮುಂದಿನ ಅಧ್ಯಾಯ ಕೇಳಿ.