ಟ್ರೇಸ್ ನೋಡದೆ ನಿದ್ದೆ ಬಾರದವರು

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಮೂವತ್ತರ ಆಸುಪಾಸಿನ ಸಾಫ್ಟ್‌ವೇರ್ ಇಂಜಿನಿಯರ್. ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ, ಸಣ್ಣ ಮಾತಿಗೂ ಕಣ್ಣಲ್ಲಿ ನೀರು ಎಂದು ನನ್ನ ಬಳಿ ಆಪ್ತಸಲಹೆಗೆ ಬಂದಿದ್ದರು. ಒಂದು ಆ್ಯಪ್‌ನ ಬ್ಯಾಕ್‌ಗ್ರೌಂಡ್ ಜಾಬ್‌ಗಳು ಅವರ ಹೊಣೆ: ಬಿಲ್ ತಯಾರಿಸುವುದು, ಮೇಲ್ ಕಳಿಸುವುದು, ರಾತ್ರಿ ವರದಿ ಸಿದ್ಧಪಡಿಸುವುದು, ಹೀಗೆ ಬಳಕೆದಾರರ ಕಣ್ಣಿಗೆ ಬೀಳದೆ ಹಿಂದೆ ನಡೆಯುವ ಕೆಲಸಗಳು. ತಂಡಕ್ಕೆ ಹೊಸದೊಂದು ಟೂಲ್ ಬಂದಿತ್ತು. ಜಾಬ್‌ನ ಹೆಸರು ಮತ್ತು ಅವಧಿ ಕೊಟ್ಟರೆ ಸಾಕು, ಆ ಹೊತ್ತಿನ ಟ್ರೇಸ್‌ಗಳನ್ನು ತೆಗೆದುಕೊಡುತ್ತದೆ. ಒಂದು ಜಾಬ್ ಯಾವ ಹಂತದಲ್ಲಿ ಎಷ್ಟು ಹೊತ್ತು ಕಳೆಯಿತು ಎಂಬುದರ ದಾಖಲೆಯೇ ಟ್ರೇಸ್. ಟೂಲ್ ಒಳ್ಳೆಯದೇ. ಆದರೆ ಮ್ಯಾನೇಜರ್ ದಿನಾ ಬೆಳಗಿನ ಮೀಟಿಂಗ್‌ನಲ್ಲಿ ಅತಿ ನಿಧಾನದ ಟ್ರೇಸ್‌ಗಳನ್ನು ಪರದೆಗೆ ಹಾಕಿ, ಆ ಕೋಡನ್ನು ಕೊನೆಗೆ ಮುಟ್ಟಿದವರ ಹೆಸರನ್ನೂ ಪಕ್ಕದಲ್ಲಿ ತೋರಿಸತೊಡಗಿದರು.

“ಮೇಡಂ, ದಿನಾ ನನ್ನ ಹೆಸರೇ ಬರುತ್ತೆ. ಈಗೀಗ ನಾನೇ ಸ್ಲೋ ಅನ್ನಿಸೋಕೆ ಶುರುವಾಗಿದೆ.”

ನಾಳೆ ಏನು ಕಾದಿದೆಯೋ ಗೊತ್ತಿರಲಿ ಎಂದು ಮಲಗುವ ಮುಂಚೆ ಟ್ರೇಸ್ ನೋಡುವ ಅಭ್ಯಾಸ ಬಂತು. ಆಮೇಲೆ ನಡುರಾತ್ರಿ ಎದ್ದು, ಹಾಸಿಗೆಯಲ್ಲೇ, ಫೋನ್‌ನಲ್ಲಿ. ಎಲ್ಲ ಸರಿಯಿದ್ದರೆ ಹತ್ತು ನಿಮಿಷ ಸಮಾಧಾನ, ಮತ್ತೆ ಅನುಮಾನ. ಆತಂಕದವರಲ್ಲಿ ಇದು ನಾವು ದಿನಾ ಕಾಣುವ ಸುಳಿ. ನೋಡಿದಾಗ ಸಿಗುವ ಆ ಚೂರು ನೆಮ್ಮದಿಯೇ ಮತ್ತೆ ನೋಡುವಂತೆ ಮಾಡುತ್ತದೆ. ಗ್ಯಾಸ್ ಆಫ್ ಆಗಿದೆಯಾ ಎಂದು ಹತ್ತು ಸಲ ನೋಡುವವರ ಕಥೆಯೂ ಇದೇ. ಇಲ್ಲಿ ಮಾತ್ರ ಅದಕ್ಕೆ ‘ಕೆಲಸದ ನಿಷ್ಠೆ’ ಎಂಬ ಒಳ್ಳೆಯ ಹೆಸರಿತ್ತು.

ನನಗೆ ಕೋಡ್ ಬರೆಯಲು ಬರುವುದಿಲ್ಲ. ಐಟಿಯವರು ಬಂದು ಬಂದು ಒಂದಿಷ್ಟು ಕಲಿಸಿದ್ದಾರೆ, ಅಷ್ಟೇ. ಮೀಟಿಂಗ್‌ನಲ್ಲಿ ತಮ್ಮ ಹೆಸರಿಗೆ ಬಂದ ಒಂದು ಟ್ರೇಸನ್ನು ಕಾಗದದ ಮೇಲೆ ಬರೆದು ತೋರಿಸಲು ಹೇಳಿದೆ. ಸ್ಕ್ರೀನ್‌ಶಾಟ್ ಬೇಡವೆಂದೆ, ಏಕೆಂದರೆ ಜಾಬ್‌ಗೆ ಕೊಟ್ಟ ಮಾಹಿತಿಯ ಜೊತೆ ಗ್ರಾಹಕರ ಮೇಲ್ ಐಡಿ ಟ್ರೇಸ್‌ನಲ್ಲಿ ಸೇರಿರಬಹುದು. ಅವರು ಅಡ್ಡಗೆರೆಗಳನ್ನು ಎಳೆದರು. ಬಿಲ್ ಜಾಬ್, ಒಟ್ಟು ಹನ್ನೊಂದು ನಿಮಿಷ. ಮೊದಲ ಉದ್ದ ಗೆರೆ ಹತ್ತು ನಿಮಿಷದ್ದು.

“ಇದೇನು?”

“ಕ್ಯೂನಲ್ಲಿ ಕಾದಿದ್ದು. ವರ್ಕರ್‌ಗಳು, ಅಂದ್ರೆ ಜಾಬ್ ಓಡಿಸೋ ಪ್ರೋಗ್ರಾಂಗಳೆಲ್ಲ, ರಾತ್ರಿ ವರದಿಯಲ್ಲಿ ಬಿಜಿ ಇದ್ದವು.”

“ಅಂದರೆ ಆಸ್ಪತ್ರೆಯಲ್ಲಿ ನಾವು ಟೋಕನ್ ಹಿಡಿದು ಕೂತ ಹೊತ್ತನ್ನೂ ಡಾಕ್ಟರ ಲೆಕ್ಕಕ್ಕೆ ಬರೆದ ಹಾಗಾಯ್ತಲ್ಲ?”

ಅವರು ನಕ್ಕರು. ಉಳಿದ ಒಂದು ನಿಮಿಷದಲ್ಲಿ ಮಾಹಿತಿ ಕೇಳುವ ಒಂದೇ ಕ್ವೆರಿ ಡೇಟಾಬೇಸಿಗೆ ನೂರಾರು ಸಲ ಹೋಗಿತ್ತು. ಅದು ತಮ್ಮದೇ ಕೋಡ್, ಒಂದೇ ಸಲಕ್ಕೆ ತರುವಂತೆ ಬದಲಿಸಬೇಕು ಎಂದು ಅವರೇ ಒಪ್ಪಿಕೊಂಡರು. ‘ನಿಮ್ಮದೇನೂ ತಪ್ಪಿಲ್ಲ’ ಎಂದು ನಾನು ಹೇಳಿದ್ದರೆ ಅವರು ನಂಬುತ್ತಿರಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ. ಹನ್ನೊಂದರಲ್ಲಿ ಒಂದು ನಿಮಿಷ ನಿಮ್ಮದು ಎನ್ನುವುದು ಹೊರಬಹುದಾದ ಭಾರ.

ಇನ್ನೊಂದು ಸಂಕಟವಿತ್ತು. ಫೇಲ್ ಆದ ಒಂದು ಜಾಬ್‌ನ ಟ್ರೇಸ್ ಎಷ್ಟು ಹುಡುಕಿದರೂ ಸಿಗದೆ ಒಂದು ರಾತ್ರಿ ಬೆಳಗಾಗಿತ್ತು. ಇಂಥ ಟೂಲ್‌ಗಳು ಎಲ್ಲವನ್ನೂ ದಾಖಲಿಸದೆ ಸ್ಯಾಂಪಲ್ ಮಾತ್ರ ಇಟ್ಟುಕೊಳ್ಳುವುದುಂಟು. ಇದನ್ನು ನನಗೆ ಹೇಳಿಕೊಟ್ಟವರೂ ಅವರೇ! ಗೂಗಲ್‌ನವರು ತಮ್ಮ ಡ್ಯಾಪರ್ ಎಂಬ ಟ್ರೇಸ್ ಟೂಲ್ ಬಗ್ಗೆ 2010ರಲ್ಲಿ ಬರೆದಂತೆ, ಅದರ ಮೊದಲ ಆವೃತ್ತಿ 1024ಕ್ಕೆ ಸರಾಸರಿ ಒಂದು ಟ್ರೇಸನ್ನು ಮಾತ್ರ ಇಟ್ಟುಕೊಳ್ಳುತ್ತಿತ್ತಂತೆ. ಹಗಲಲ್ಲಿ ಗೊತ್ತಿರುವ ಈ ಸಂಗತಿ ರಾತ್ರಿ ಮೂರು ಗಂಟೆಗೆ ನೆನಪಿಗೆ ಬರುವುದಿಲ್ಲ. ಬಂದರೂ ಕೆಲಸಕ್ಕೆ ಬರುವುದಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಟೂಲ್ ತೆರೆಯುವ ಮೊದಲು ಪ್ರಶ್ನೆಯನ್ನು ಕಾಗದದಲ್ಲಿ ಬರೆಯಿರಿ: ಯಾವ ಜಾಬ್, ಯಾವ ಅವಧಿ, ಏನು ತಿಳಿಯಬೇಕು. ಉತ್ತರ ಸಿಕ್ಕಿದೊಡನೆ ಮುಚ್ಚಿ. ಪ್ರಶ್ನೆ ಬರೆಯಲು ಬಾರದಿದ್ದರೆ ಅದು ಕೆಲಸವಲ್ಲ, ಗಾಬರಿ. ಆಗ ಹದಿನೈದು ನಿಮಿಷ ಮುಂದೂಡಿ, ಆಮೇಲೆ ಅರ್ಧ ಗಂಟೆ. ಮೊದಮೊದಲು ಚಡಪಡಿಕೆ ಹೆಚ್ಚುತ್ತದೆ, ಅದನ್ನು ತಡೆದುಕೊಳ್ಳಬೇಕು. ಕ್ಯೂನಲ್ಲಿ ಕಾಯುವ ಹೊತ್ತು ಮಿತಿ ಮೀರಿದರೆ ಅಲರ್ಟ್ ಬರಲಿ, ಅದೂ ಆ ರಾತ್ರಿಯ ಪಾಳಿಯವರಿಗೆ. ನಿಮ್ಮ ಪಾಳಿ ಇಲ್ಲದ ದಿನ ಫೋನ್ ಬೇರೆ ಕೋಣೆಯಲ್ಲಿರಲಿ.

ಫೇಲಾದ ಜಾಬ್ ಅಲ್ಲಿಗೇ ಮುಗಿದುಹೋಗುತ್ತದೆಯೇ ಎಂದೂ ಕೇಳಿದೆ. ಜಾಬ್ ಓಡಿಸಲು ಅವರು ಬಳಸುವ ಸೈಡ್‌ಕಿಕ್ ಎಂಬ ಸಾಫ್ಟ್‌ವೇರ್, ಸೆಟ್ಟಿಂಗ್ ಬದಲಿಸದಿದ್ದರೆ, ಅದನ್ನು ತಾನಾಗಿಯೇ 25 ಸಲದವರೆಗೆ, ಸುಮಾರು ಮೂರು ವಾರದುದ್ದಕ್ಕೂ ಮತ್ತೆ ಓಡಿಸುತ್ತದೆ. ಅಷ್ಟು ಹೇಳಿದವರೇ ತಡೆದು, ಮತ್ತೆ ಓಡಿದಾಗ ಒಬ್ಬರಿಗೇ ಎರಡು ಬಿಲ್ ಹೋದರೆ ಎಂದರು. ಈ ಭಯ ನ್ಯಾಯವಾದದ್ದು. ಎಷ್ಟು ಸಲ ಓಡಿದರೂ ಒಂದೇ ಬಿಲ್ ಹೋಗುವಂತೆ ಕೋಡ್ ಬರೆಯುವುದು ಹಗಲಿನ ಕೆಲಸದ ಪಟ್ಟಿಗೆ ಸೇರಿತು.

ಮ್ಯಾನೇಜರ್ ಜೊತೆ ಮಾತನಾಡುವುದನ್ನು ಇಲ್ಲೇ ಎರಡು ಸಲ ಆಡಿ ನೋಡಿದೆವು. ದೂರು ಬೇಡ, ಮೂರೇ ಬೇಡಿಕೆ ಸಾಕು ಎಂದೆ: ಕಾದ ಹೊತ್ತು, ಓಡಿದ ಹೊತ್ತು ಬೇರೆ ಬೇರೆ ಕಾಲಂನಲ್ಲಿ ಬರಲಿ, ನಿಧಾನದ ಟ್ರೇಸ್ ಪಕ್ಕ ಅದೇ ಜಾಬ್‌ನ ಮಾಮೂಲಿ ಟ್ರೇಸ್ ಒಂದಿರಲಿ, ಹೆಸರು ಬೇಡ. ಮ್ಯಾನೇಜರ್ ಹೆಸರು ತೆಗೆದರು, ಕಾಲಂ ಬೇರೆ ಮಾಡಿದರು. ದಿನಾ ಪಟ್ಟಿ ಹಾಕುವುದನ್ನು ಮಾತ್ರ ಬಿಟ್ಟಿಲ್ಲ. ವರದಿ ಜಾಬ್‌ಗಳಿಗೆ ಬೇರೆ ಕ್ಯೂ, ಬೇರೆ ವರ್ಕರ್ ಆಗಿವೆ.

ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಎದೆ ಬಡಿತ ಬರೀ ಆತಂಕದ್ದೇ ಎಂದು ನಾನೇ ತೀರ್ಮಾನಿಸುವಂತಿಲ್ಲವಾದ್ದರಿಂದ ವೈದ್ಯರ ಬಳಿ ಕಳಿಸಿದ್ದೇನೆ. ಅಲರ್ಟ್ ಬಂದರೆ ನೋಡುವ ಆನ್‌ಕಾಲ್ ಪಾಳಿಯನ್ನು ತಂಡದಲ್ಲಿ ಹಂಚಿಕೊಳ್ಳುವ ಮಾತು ಮುಂದಿನ ಭೇಟಿಗೆ ಉಳಿದಿದೆ.