ಓದುಗರ ಪ್ರಶ್ನೆ: ಪ್ರಾರ್ಥನೆಗೆ ಬಾಯೇ ಬರದಿದ್ದಾಗ

ಕಾಯಿಲೆ, ಸಾಲ, ಸಾವು ಮನೆಗೆ ಬಂದಾಗ ಕ್ರೈಸ್ತ ವಿಶ್ವಾಸದಿಂದ ಧೈರ್ಯ ಪಡೆಯುವುದು ಹೇಗೆ ಎಂದು ಕೇಳಿದ ಪತ್ರಗಳಿಗೆ ಈ ಸಲ ಉತ್ತರಿಸಿದ್ದೇವೆ. ಬರೆದವರ ಹೆಸರು, ಊರು ಬಿಟ್ಟಿದ್ದೇವೆ. ಕಥೊಲಿಕರೂ ಪ್ರೊಟೆಸ್ಟೆಂಟರೂ ಬರೆದಿದ್ದಾರೆ. ಇಬ್ಬರ ಮನೆಯಲ್ಲೂ ಇರುವ ಬೈಬಲನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮೊದಲು ದಿನಾ ಬೆಳಿಗ್ಗೆ ಅರ್ಧ ಗಂಟೆ ಪ್ರಾರ್ಥನೆ ಮಾಡುತ್ತಿದ್ದೆ. ಈಗ ಮೊಣಕಾಲೂರಿದರೆ ಮಾತೇ ಹೊರಡುವುದಿಲ್ಲ, ಸಿಟ್ಟು ಬರುತ್ತದೆ. ದೇವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಪಾಪವಲ್ಲವೇ?

ಉತ್ತರ: ಆ ಸಿಟ್ಟನ್ನು ದೇವರ ಮುಂದೆಯೇ ಹೇಳಿಕೊಳ್ಳುವುದು ಪಾಪವಲ್ಲ. ಬೈಬಲ್ಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳು, ಮೊರೆ, ದೂರು. ಭಾನುವಾರ ನಾವು ಸ್ತುತಿಯ ಕೀರ್ತನೆಗಳನ್ನೇ ಹೆಚ್ಚು ಹಾಡುವುದರಿಂದ ಇವು ಇರುವುದೇ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. ನಿಮಗೆ ಈಗ ಬೇಕಾದದ್ದು ಇವೇ.

13ನೆಯ ಕೀರ್ತನೆಯಿಂದ ಶುರು ಮಾಡಿ. ಆರೇ ವಚನ. ಮೊದಲ ಎರಡರಲ್ಲಿ ‘ಎಷ್ಟರವರೆಗೆ’ ಎಂಬ ದೂರು ನಾಲ್ಕು ಸಲ ಬರುತ್ತದೆ. ಮುಂದಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ. ಒಂದು ನೋಟ್‌ಬುಕ್ ತೆಗೆದುಕೊಂಡು ಇದೇ ಮೂರು ಭಾಗಗಳಲ್ಲಿ ನಿಮ್ಮ ಕೀರ್ತನೆ ಬರೆಯಿರಿ. ಹದಿನೈದು ನಿಮಿಷ ಸಾಕು. ದೂರು ನಿಮ್ಮದೇ ಆಗಿರಲಿ: ‘ಎಷ್ಟರವರೆಗೆ ಈ ಬಸ್ಸಿನ ಓಡಾಟ? ಎಷ್ಟರವರೆಗೆ ಇವರಿಗೆ ನೀರನ್ನು ಅಳೆದು ಕೊಡುವುದು?’ ಬೇಡಿಕೆ ಇವತ್ತಿನದಾಗಿರಲಿ. ‘ಎಲ್ಲ ಸರಿಮಾಡು’ ಎಂದು ಬರೆದರೆ ಮನಸ್ಸಿಗೆ ಹಿಡಿತ ಸಿಗುವುದಿಲ್ಲ. ‘ಇವತ್ತು ನಡುವೆ ಬಿಪಿ ಇಳಿಯದಿರಲಿ’ ಎಂದು ಬರೆಯಿರಿ. ಮೂರನೆಯ ಭಾಗಕ್ಕೆ, ಹಿಂದೆ ದೇವರು ಕೈಹಿಡಿದ ಒಂದೇ ಒಂದು ಸಂದರ್ಭ ಸಾಕು.

ಇದು ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ದೂರನ್ನು ಹಾರಿ ನೇರವಾಗಿ ಸ್ತುತಿಗೆ ಹೋಗುವುದು. ಚಿಕ್ಕಂದಿನಿಂದ ಹಾಗೇ ಕಲಿತಿರುತ್ತೇವೆ. ಆಗ ಬಾಯಿ ಒಂದು ಹೇಳುತ್ತದೆ, ಹೊಟ್ಟೆಯೊಳಗೆ ಇನ್ನೊಂದು ಕುದಿಯುತ್ತದೆ. ಮೂರು ದಿನಕ್ಕೆ ಪ್ರಾರ್ಥನೆಯೇ ಬೇಡವೆನಿಸುತ್ತದೆ. ಮೂರನೆಯ ಭಾಗ ಬರದಿದ್ದರೆ ಬಲವಂತ ಮಾಡದೆ ಅಲ್ಲಿಗೇ ನಿಲ್ಲಿಸಿ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪವಿತ್ರ ಗ್ರಂಥದ ಒಳಗೇ ಇದೆ. ಎರಡು, ರಾತ್ರಿ ಮಲಗುವ ಮುಂಚೆ ಬರೆಯುವುದು. ಕಲಕಿದ ಮನಸ್ಸಿಗೆ ನಿದ್ದೆ ಹತ್ತುವುದಿಲ್ಲ. ಹಗಲಿನಲ್ಲೇ ಬರೆಯಿರಿ.

ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆ ಹೊರಗೆ ಕೂತಿರುವಾಗ ಉದ್ದದ ಪ್ರಾರ್ಥನೆ ಬೇಡ. ಕುರುಡ ಬಾರ್ತಿಮಾಯ ದಾರಿಬದಿಯಲ್ಲಿ ಕೂಗಿದ್ದು ಒಂದೇ ಸಾಲು: ದಾವೀದನ ಕುಮಾರನೇ, ಯೇಸುವೇ, ನನ್ನನ್ನು ಕರುಣಿಸು (ಮಾರ್ಕ 10:47). ಉಸಿರು ಒಳಗೆ ತೆಗೆದುಕೊಳ್ಳುವಾಗ ‘ಯೇಸುವೇ’, ಬಿಡುವಾಗ ‘ಕರುಣಿಸು’. ಹತ್ತು ನಿಮಿಷ ಮಾಡಿ. ಮನಸ್ಸು ಎಲ್ಲೋ ಹೋದರೆ ಬೈದುಕೊಳ್ಳದೆ ಮತ್ತೆ ಬನ್ನಿ. ಜಪಸರದ ಅಭ್ಯಾಸವಿದ್ದವರು ಐವತ್ತರ ಬದಲು ಹತ್ತೇ ಮಣಿ ಮಾಡಬಹುದು. ಅದಕ್ಕೂ ಆಗದ ದಿನಗಳಿಗಾಗಿ ರೋಮಾಪುರದವರಿಗೆ ಬರೆದ ಪತ್ರದ 8:26 ಇದೆ: ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಾಗ ಪವಿತ್ರಾತ್ಮನೇ ಮಾತಿಗೆ ಸಿಗದ ನರಳಾಟದಿಂದ ನಮ್ಮ ಪರವಾಗಿ ಬೇಡುತ್ತಾನೆ.

ಇನ್ನೊಂದು ಮಾತು. ಸಭೆಯಲ್ಲಿ ‘ನಮ್ಮನ್ನು ಪ್ರಾರ್ಥನೆಯಲ್ಲಿ ನೆನಪಿಸಿಕೊಳ್ಳಿ’ ಎಂದರೆ ಎಲ್ಲರೂ ತಲೆಯಾಡಿಸಿ ಹೋಗುತ್ತಾರೆ. ಅದರ ಬದಲು ‘ಶುಕ್ರವಾರ ಮಧ್ಯಾಹ್ನ ಒಂದರಿಂದ ಐದರವರೆಗೆ ಯಾರಾದರೂ ಆಸ್ಪತ್ರೆಯಲ್ಲಿ ಕೂರುತ್ತೀರಾ?’ ಎಂದು ಮಹಿಳಾ ಸಂಘದಲ್ಲಿ ಕೇಳಿ. ದಿನ, ಹೊತ್ತು, ಕೆಲಸ ಮೂರೂ ಗೊತ್ತಾದರೆ ಜನ ಬರುತ್ತಾರೆ. ಯುದ್ಧ ನಡೆಯುವಾಗ ಮೇಲೆತ್ತಿ ಹಿಡಿದಿದ್ದ ಮೋಶೆಯ ಕೈ ಸೋತಾಗ ಆರೋನನೂ ಹೂರನೂ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಆಚೀಚೆ ನಿಂತು, ಹೊತ್ತು ಮುಳುಗುವ ತನಕ ಕೈಗಳನ್ನು ಎತ್ತಿ ಹಿಡಿದರು (ವಿಮೋಚನಕಾಂಡ 17:12). ಮೋಶೆಗೇ ಇಬ್ಬರು ಬೇಕಾಯಿತು. ನೀವು ಕೇಳಲು ನಾಚಿಕೆಪಡಬೇಕಿಲ್ಲ.

ಪ್ರಶ್ನೆ: ಪೂಜೆಗೆ ಹೋಗುತ್ತೇನೆ, ಪರಮಪ್ರಸಾದ ಸ್ವೀಕರಿಸುತ್ತೇನೆ. ಒಳಗೆ ಏನೂ ಅನ್ನಿಸುವುದಿಲ್ಲ. ನನ್ನ ವಿಶ್ವಾಸ ಸತ್ತುಹೋಗಿದೆಯೇ?

ಉತ್ತರ: ಇಲ್ಲ. ಮದರ್ ತೆರೇಸಾ ತೀರಿಕೊಂಡ ಹತ್ತು ವರ್ಷಗಳ ನಂತರ, 2007ರಲ್ಲಿ ಅವರ ಖಾಸಗಿ ಪತ್ರಗಳು ಪ್ರಕಟವಾದವು. ಕಲ್ಕತ್ತದ ಬಡವರ ನಡುವೆ ಕೆಲಸ ಆರಂಭಿಸಿದ ಕಾಲದಿಂದ ದಶಕಗಳ ಕಾಲ ದೇವರು ತಮ್ಮೊಳಗೆ ಇಲ್ಲವೇನೋ ಎನ್ನುವಂಥ ಬರಡುತನವನ್ನು ಅವರು ಅನುಭವಿಸಿದ್ದರು ಎಂಬುದು ಆಗ ಜಗತ್ತಿಗೆ ತಿಳಿಯಿತು. ಅಷ್ಟೂ ಕಾಲ ಅವರು ಪ್ರಾರ್ಥನೆಯನ್ನೂ ಬಿಡಲಿಲ್ಲ, ಸೇವೆಯನ್ನೂ ಬಿಡಲಿಲ್ಲ. ನೀವು ಹೋಗುತ್ತಿರುವುದೇ ವಿಶ್ವಾಸ. ಆದರೆ ಊಟ, ನಿದ್ದೆ, ಮಕ್ಕಳ ಆಟ, ಯಾವುದರಲ್ಲೂ ಏನೂ ಅನ್ನಿಸದೆ ಎರಡು ವಾರ ಕಳೆದಿದ್ದರೆ ಅದು ಖಿನ್ನತೆಯ ಲಕ್ಷಣವಿರಬಹುದು. ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮಗನಿಗೆ ಫಿಟ್ಸ್ ಇದೆ, ಆರು ವರ್ಷದಿಂದ ಮಾತ್ರೆ ಕೊಡುತ್ತಿದ್ದೇವೆ. ಪ್ರಾರ್ಥನಾ ಕೂಟದಲ್ಲಿ ಒಬ್ಬರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ‘ವಾಸಿಯಾಯಿತು, ಇನ್ನು ಮಾತ್ರೆ ಕೊಟ್ಟರೆ ಅದು ಅವಿಶ್ವಾಸ’ ಎಂದರು. ಮನೆಯಲ್ಲಿ ಗುಪ್ತ ಪಾಪ ಇದೆ ಎಂದೂ ಹೇಳಿದರು. ಮನೆಯವರು ಹೆದರಿದ್ದಾರೆ.

ಉತ್ತರ: ಮಾತ್ರೆ ನಿಲ್ಲಿಸಬೇಡಿ. ಇವತ್ತು ರಾತ್ರಿಯದನ್ನೂ ತಪ್ಪಿಸಬೇಡಿ. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬರುವ ಅಪಾಯವಿದೆ, ಜೀವವೇ ಹೋಗಬಹುದು. ಈಗಾಗಲೇ ತಪ್ಪಿದ್ದರೆ ನೀವೇ ಎರಡೆರಡು ಕೊಡದೆ ವೈದ್ಯರಿಗೆ ಫೋನ್ ಮಾಡಿ ಕೇಳಿ. ಫಿಟ್ಸ್ ಬಂದಾಗ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಈಗ ಅವರು ಹೇಳಿದ ಮಾತಿಗೆ ಬರೋಣ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದೇ ಪ್ರಶ್ನೆ ಕೇಳಿದ್ದರು: ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ? ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದು ಯೇಸು ನೇರವಾಗಿ ಹೇಳಿದರು (ಯೋಹಾನ 9:3). ಕಷ್ಟಕ್ಕೆ ಬಿದ್ದ ಯೋಬನ ಸ್ನೇಹಿತರು ಅವನ ಗುಪ್ತ ಪಾಪವನ್ನು ಹುಡುಕುತ್ತಲೇ ಇದ್ದರು. ಕೊನೆಗೆ ದೇವರ ಸಿಟ್ಟು ತಿರುಗಿದ್ದು ಆ ಸ್ನೇಹಿತರ ಮೇಲೆ (ಯೋಬ 42:7). ವಿಶ್ವಾಸವಿದ್ದರೆ ಕಾಯಿಲೆ ಇರದು ಎನ್ನುವುದಾದರೆ ಪೌಲನ ಸಂಗಡಿಗರ ಕಥೆ ಏನು? ತ್ರೊಫಿಮ ಅಸ್ವಸ್ಥನಾಗಿದ್ದಾಗ ಪೌಲ ಅವನನ್ನು ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು. ಎಪಫ್ರೊದೀತ ಸಾವಿನ ಅಂಚಿಗೆ ಹೋಗಿದ್ದ. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ತಿಮೊಥೆಯನಿಗೆ ಪೌಲನೇ ಬರೆದ. ತನ್ನ ದೇಹದಲ್ಲಿ ನೆಟ್ಟಿದ್ದ ಮುಳ್ಳನ್ನು ತೆಗೆಯೆಂದು ಅವನೇ ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ಅವನ ಜೊತೆಗಿದ್ದ ಲೂಕ ವೈದ್ಯ. ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆ 1880ರಿಂದ, ಬೆಂಗಳೂರಿನ ಸಂತ ಮಾರ್ತಾ ಆಸ್ಪತ್ರೆ 1886ರಿಂದ ನಡೆಯುತ್ತಿರುವುದು ಪ್ರಾರ್ಥನೆ ಮತ್ತು ಔಷಧ ಎರಡನ್ನೂ ನಂಬಿದ ಕ್ರೈಸ್ತರಿಂದಲೇ.

ದೇವರು ಗುಣಪಡಿಸುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಗುಣವಾಗಿದೆ ಎನಿಸಿದರೆ ಏನು ಮಾಡಬೇಕೆಂದೂ ಸುವಾರ್ತೆಯಲ್ಲಿದೆ. ಕುಷ್ಠರೋಗಿಯನ್ನು ಗುಣಪಡಿಸಿದ ಮೇಲೆ ಯೇಸು ಅವನನ್ನು ಯಾಜಕನಿಗೆ ತೋರಿಸಿಕೊಳ್ಳಲು ಕಳಿಸಿದರು (ಮಾರ್ಕ 1:44). ಮೋಶೆಯ ನಿಯಮದಂತೆ ಚರ್ಮವನ್ನು ಪರೀಕ್ಷಿಸಿ ಶುದ್ಧನೆಂದು ಹೇಳುವ ಅಧಿಕಾರ ಯಾಜಕನದಾಗಿತ್ತು. ಇಂದು ಆ ಪರೀಕ್ಷೆ ಮಾಡುವವರು ನರರೋಗ ತಜ್ಞರು. ಮಾತ್ರೆ ಕಡಿಮೆ ಮಾಡುವುದಿದ್ದರೆ ಅವರೇ ಹಂತಹಂತವಾಗಿ ಇಳಿಸುತ್ತಾರೆ.

ಮಗನಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆಂದಿದ್ದರೆ ಯಾಕೋಬ 5:14 ಹೇಳುವಂತೆ ಸಭೆಯ ಹಿರಿಯರನ್ನು ಮನೆಗೆ ಕರೆಸಿ. ಕಥೊಲಿಕರಾದರೆ ಗುರುಗಳನ್ನು ಕರೆಸಿ. ‘ಮಾತ್ರೆ ಬಿಡಿ’ ಎಂದವರ ಬಗ್ಗೆಯೂ ಅವರಿಗೆ ತಿಳಿಸಿ. ಅದು ಚಾಡಿಯಲ್ಲ, ಇನ್ನೊಂದು ಮನೆಯ ಮಗುವಿನ ಜೀವದ ಪ್ರಶ್ನೆ.

ಪ್ರಶ್ನೆ: ಕೆಲಸ ಹೋಗಿ ಏಳು ತಿಂಗಳಾಯಿತು, ಸಾಲ ಬೆಳೆದಿದೆ. ಬೈಬಲ್ಲಿನಲ್ಲಿ ‘ಭಯಪಡಬೇಡ’ ಎಂದು ದಿನಕ್ಕೊಂದರಂತೆ 365 ಸಲ ಇದೆಯಂತೆ. ಆದರೂ ನನಗೆ ಭಯ. ಸಾಲ ತೀರಲು ಒಂದು ದೊಡ್ಡ ಕಾಣಿಕೆಯನ್ನು ‘ಬೀಜ’ವಾಗಿ ಬಿತ್ತಲು ಹೇಳಿದ್ದಾರೆ.

ಉತ್ತರ: ಎಣಿಸಿದರೆ 365 ಸಿಗುವುದಿಲ್ಲ, ಅದು ವಾಟ್ಸಾಪ್‌ನಲ್ಲಿ ಓಡಾಡುವ ಮಾತು. ಇರುವ ಕಡೆ ಹೆಚ್ಚಾಗಿ ಅದು ಹೆದರಿದವರಿಗೇ ಹೇಳಿದ್ದು. ಬಂಧನಕ್ಕೆ ಮುಂಚೆ ಗೆತ್ಸೇಮನೆ ತೋಟದಲ್ಲಿ ಯೇಸುವೇ ದಿಗಿಲುಗೊಂಡರು. ಮೂವರು ಶಿಷ್ಯರನ್ನು ಹತ್ತಿರ ಇರಿಸಿಕೊಂಡು, ಪ್ರಾಣ ಹೋಗುವಷ್ಟು ದುಃಖವಾಗಿದೆ ಎಂದು ಬಾಯಿಬಿಟ್ಟು ಹೇಳಿದರು. ಆಮೇಲೆ ಎದ್ದು ನಡೆದರು. ಕ್ರೈಸ್ತ ಧೈರ್ಯದ ಕ್ರಮವೇ ಇದು: ಮೊದಲು ಹೇಳಿಕೊಳ್ಳುವುದು, ಆಮೇಲೆ ಏಳುವುದು.

ನೀವೂ ಇವತ್ತು ಹೆಂಡತಿಗೆ ಪೂರ್ತಿ ಲೆಕ್ಕ ಹೇಳಿ. ಒಂದೇ ಹಾಳೆಯಲ್ಲಿ ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಕಂತು ಯಾವ ತಾರೀಕು ಎಂದು ಬರೆಯಿರಿ. ಹೆಚ್ಚು ಬಡ್ಡಿಯದು ಮೇಲೆ ಬರಲಿ. ಸಾಲ ಕೊಟ್ಟವನು ಮಕ್ಕಳನ್ನು ಎಳೆದೊಯ್ಯಲು ಬಂದಿದ್ದಾನೆಂದು ಅತ್ತ ವಿಧವೆಗೆ ಎಲೀಷ ಕೇಳಿದ್ದು ‘ಮನೆಯಲ್ಲಿ ಏನಿದೆ?’ ಎಂದು. ಒಂದು ಕುಡಿಕೆ ಎಣ್ಣೆ ಇತ್ತು. ಆಕೆ ನೆರೆಹೊರೆಯಿಂದ ಪಾತ್ರೆ ತಂದಳು, ಆ ಕುಡಿಕೆಯ ಎಣ್ಣೆ ಎಲ್ಲ ಪಾತ್ರೆಗಳನ್ನೂ ತುಂಬಿತು, ಅದನ್ನು ಮಾರಿ ಸಾಲ ತೀರಿಸಿದಳು, ಉಳಿದದ್ದರಲ್ಲಿ ಬದುಕಿದಳು (2 ಅರಸುಗಳು 4). ಆ ಪ್ರವಾದಿ ಆಕೆಯಿಂದ ಕಾಣಿಕೆ ಕೇಳಲಿಲ್ಲ. ಇಲ್ಲದ್ದಕ್ಕೆ ಅಲ್ಲ, ಇದ್ದದ್ದಕ್ಕೆ ತಕ್ಕಂತೆ ಕೊಟ್ಟರೆ ಮೆಚ್ಚಿಕೆ ಎಂದು ಪೌಲನೂ ಬರೆದ (2 ಕೊರಿಂಥ 8:12). ಸಾಲ ಮಾಡಿ ಕಾಣಿಕೆ ಕೊಡಬೇಡಿ. ಅನೇಕ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದ ಪಾಲ್ ಸಭೆ ಇದೆ. ಫ್ರೆಡೆರಿಕ್ ಓಝನಾಮ್ ಮತ್ತು ಗೆಳೆಯರು 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುಮಾಡಿದ್ದು. ಕಷ್ಟದಲ್ಲಿರುವವರ ಮನೆಗೆ ಬಂದು ನೋಡಿ ನೆರವಾಗುವುದೇ ಅದರ ಕೆಲಸ. ಮಕ್ಕಳ ಶಾಲೆ ಫೀಸು, ರೇಷನ್ ಎಂದು ಗೊತ್ತಾದ ಒಂದು ವಿಷಯ ಹಿಡಿದು ಕೇಳಿ.

ಪ್ರಶ್ನೆ: ಬೆಳಿಗ್ಗೆ ಏಳುವುದೇ ಬೇಡ, ಸತ್ತರೆ ಸಾಕು ಅನ್ನಿಸುತ್ತದೆ. ಫಾದರ್ ಹತ್ತಿರ ಹೇಳಲು ಭಯ.

ಉತ್ತರ: ಈ ಮಾತನ್ನು ಬರೆದಿರಲ್ಲ, ಅದಕ್ಕೆ ನಮಗೆ ಸಮಾಧಾನವಾಯಿತು. ಇವತ್ತೇ ಇನ್ನೊಬ್ಬರಿಗೆ ಬಾಯಲ್ಲಿ ಹೇಳಿ. 14416 ಟೆಲಿ-ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿಯೋ ಹೆಚ್ಚು ಮಾತ್ರೆಗಳೋ ಇದ್ದರೆ ಈಗಲೇ ಪಕ್ಕದ ಮನೆಯಲ್ಲಿ ಇಟ್ಟುಬನ್ನಿ. ಸಾಯಬೇಕೆನಿಸುವ ಕ್ಷಣ ದಾಟಿದರೆ ಜೀವ ಉಳಿಯುತ್ತದೆ. ಒಬ್ಬರೇ ಮಲಗಬೇಡಿ. ಪಾಪನಿವೇದನೆಯಲ್ಲಿ ಹೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ, ಆ ಭಯ ಬಿಡಿ. ಜೊತೆಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ.

1 ಅರಸುಗಳು 19 ಓದಿ. ಕಾರ್ಮೆಲ್ ಬೆಟ್ಟದಲ್ಲಿ ಗೆದ್ದ ಪ್ರವಾದಿ ಎಲೀಯನೇ ಮರುಭೂಮಿಯಲ್ಲಿ ಗಿಡದ ಕೆಳಗೆ ಕೂತು ‘ಸಾಕು, ಪ್ರಾಣ ತೆಗೆ’ ಎಂದ. ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಇನ್ನೊಮ್ಮೆ ಎಬ್ಬಿಸಿ ತಿನ್ನಿಸಿದ. ದೇವರು ಅವನ ದೂರನ್ನು ಎರಡು ಸಲ ಕೇಳಿದ್ದು ಆಮೇಲೆ. ಕೊನೆಗೆ ಜೊತೆಗಾರನಾಗಿ ಎಲೀಷನನ್ನು ಕೊಟ್ಟ. ನಿಮಗೂ ಅದೇ ಸಾಲಿನಲ್ಲಿ: ಊಟ, ನಿದ್ದೆ, ಕೇಳುವ ಕಿವಿ, ಜೊತೆಗೊಬ್ಬರು. ಉಪವಾಸ ಪ್ರಾರ್ಥನೆ ಈಗ ಬೇಡವೇ ಬೇಡ.

ಪ್ರಶ್ನೆ: ಸಾವಿನ ಮನೆಯಲ್ಲಿ ‘ಅಳಬೇಡಿ, ಅವರು ಕರ್ತನ ಬಳಿ ಇದ್ದಾರೆ’ ಎನ್ನುವುದು ಸರಿಯೇ?

ಉತ್ತರ: ಎರಡನೆಯ ಅರ್ಧ ನಮ್ಮ ವಿಶ್ವಾಸ. ಮೊದಲನೆಯ ಅರ್ಧವನ್ನು ಹೇಳಬೇಕಿಲ್ಲ. ಸತ್ತ ಲಾಜರನನ್ನು ಎಬ್ಬಿಸುವವರಿದ್ದರೂ ಯೇಸು ಅತ್ತರು. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಎಂದು ಪೌಲ ಬರೆದ, ದುಃಖಿಸಲೇಬೇಡಿ ಎಂದಲ್ಲ. ಹೋದಾಗ ತೀರಿಕೊಂಡವರ ಹೆಸರು ಹಿಡಿದು ಮಾತಾಡಿ, ಇಲ್ಲವೇ ಸುಮ್ಮನೆ ಕೂತಿರಿ. ಮೊದಲ ವಾರ ಮನೆ ತುಂಬಾ ಜನ. ಮೂವತ್ತನೆಯ ದಿನದ ಪೂಜೆ ಮುಗಿದ ಮೇಲೆ ಯಾರೂ ಇರುವುದಿಲ್ಲ. ನಿಮ್ಮ ಭೇಟಿಯನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ, ಸಾರೋ ಪಲ್ಯವೋ ಕೈಯಲ್ಲಿರಲಿ.

ಪ್ರಶ್ನೆ: ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಕಣ್ಣು ಕಾಣಿಸದು, ರಾತ್ರಿ ಹೆದರುತ್ತಾರೆ. ಏನು ಓದಿ ಹೇಳಲಿ?

ಉತ್ತರ: ಅವರು ಬಾಯಿಪಾಠ ಮಾಡಿದ ಹಳೆಯ ಬೈಬಲ್ಲಿನಿಂದಲೇ ಓದಿ. ಹೊಸ ಅನುವಾದದ ಮಾತು ಅವರ ನಾಲಿಗೆಗೆ ಹೊಂದುವುದಿಲ್ಲ. ಸಂಜೆ ದೀಪ ಹಾಕಿದ ಮೇಲೆ 121ನೆಯ ಕೀರ್ತನೆ ಓದಿ, ಎಂಟು ವಚನ. ನಮ್ಮನ್ನು ಕಾಯುವವನು ತೂಕಡಿಸುವುದಿಲ್ಲ ಎಂಬುದು ಅದರಲ್ಲೇ ಬರುತ್ತದೆ. ಮಲಗುವಾಗ 131, ಮೂರೇ ವಚನ. ನಡುರಾತ್ರಿ ಎಚ್ಚರವಾಗಿ ಹೆದರಿದರೆ 23. ದಿನಕ್ಕೊಂದು ಬದಲಾಯಿಸಬೇಡಿ, ವಾರವಿಡೀ ಅದನ್ನೇ ಓದಿ. ಕೈ ಹಿಡಿದುಕೊಂಡು, ಕಿವಿಯ ಹತ್ತಿರ, ವಚನ ವಚನಕ್ಕೂ ನಿಲ್ಲಿಸಿ. ಅರ್ಧ ಓದಿ ಬಿಟ್ಟರೆ ಉಳಿದರ್ಧವನ್ನು ಅವರೇ ಹೇಳಬಹುದು, ಅದಕ್ಕೆ ಸಮಯ ಕೊಡಿ. ಮಾತು ನಿಂತ ಮೇಲೂ ಓದುವುದನ್ನು ನಿಲ್ಲಿಸಬೇಡಿ. ಉತ್ತರ ಕೊಡಲಾಗದವರಿಗೂ ಕೇಳಿಸುತ್ತಿರಬಹುದು.